ಸಾಕ್ಸ್ ಹಾಕಿಕೊಳ್ಳುವ ಮುನ್ನ ಒಂದು ನಿಮಿಷ ಕೂತುಕೊಳ್ಳಿ

ಅಪ್ಪನ ಬಲಗಾಲಿನ ಕಿರುಬೆರಳ ಪಕ್ಕ ಒಂದು ಗಾಯ ಆಗಿತ್ತು. ಹೆಸರುಕಾಳಿನಷ್ಟು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಪಾದಕ್ಕೆ ಚುರುಕು ಕಡಿಮೆಯಾಗಿತ್ತು. ಸಂಜೆ ವಾಕಿಂಗ್ ಮುಗಿಸಿ ಬಂದು ಸಾಕ್ಸ್ ಕಳಚಿದಾಗ ಅಮ್ಮನ ಕಣ್ಣಿಗೆ ಬಿತ್ತು. ಸಾಕ್ಸ್ ಉಲ್ಟಾ ಮಾಡಿ ನೋಡಿದೆವು. ಬೆರಳ ತುದಿಯ ಹೊಲಿಗೆ ದಪ್ಪಗೆ, ಗೋಣಿದಾರದ ಹಾಗೆ ಉಬ್ಬಿತ್ತು. ಅದೇ ಜಾಗದಲ್ಲಿ ಬಟ್ಟೆ ಮಡಿಚಿಕೊಂಡು ಕೂತಿತ್ತು. ದಿನವಿಡೀ ಅದು ಚರ್ಮವನ್ನು ಉಜ್ಜಿದೆ. ಆ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು.

ಅವತ್ತಿನಿಂದ ಸಾಕ್ಸ್ ಹಾಕಿಕೊಳ್ಳುವುದನ್ನು ನಮ್ಮ ಮನೆಯಲ್ಲಿ ಒಂದು ಕೆಲಸ ಅಂತಲೇ ಲೆಕ್ಕಕ್ಕೆ ಇಟ್ಟಿದ್ದೇವೆ. ಬಾಗಿಲ ಬಳಿ ಒಂಟಿ ಕಾಲಲ್ಲಿ ಕುಂಟುತ್ತಾ, ಗೋಡೆ ಹಿಡಿದುಕೊಂಡು, ಆಟೋ ಹಾರನ್ ಕೇಳಿ ಎಳೆದು ಹಾಕಿಕೊಳ್ಳುವ ಹಾಗಿಲ್ಲ. ಕಾಲಿಗೆ ತೊಂದರೆ ಕೊಡುವ ವಿಷಯ ಎರಡೇ: ಸುಕ್ಕು ಮತ್ತು ತೇವ. ಸಾಕ್ಸ್ ಆರಿಸುವಾಗಲೂ ಹಾಕಿಕೊಳ್ಳುವಾಗಲೂ ಒಗೆಯುವಾಗಲೂ ಈ ಎರಡನ್ನೇ ನೆನಪಿಟ್ಟುಕೊಂಡರೆ ಸಾಕು.

ಇದನ್ನು ಇಷ್ಟೇ ಗಂಭೀರವಾಗಿ ತೆಗೆದುಕೊಂಡವರು ಒಬ್ಬರಿದ್ದರು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್. ಹೊಸದಾಗಿ ಬಂದ ಆಟಗಾರರನ್ನು ಮೊದಲ ದಿನ ಕೂರಿಸಿಕೊಂಡು ಅವರು ಕಲಿಸುತ್ತಿದ್ದದ್ದು ಸಾಕ್ಸ್ ಮತ್ತು ಶೂ ಹಾಕಿಕೊಳ್ಳುವುದನ್ನು. ಆರಡಿ ಮೀರಿದ ಹುಡುಗರು, ಶಾಲೆಯಲ್ಲಿ ಹೆಸರು ಮಾಡಿ ಬಂದವರು. ಅವರಿಗೆ ಕಿರುಬೆರಳ ಹತ್ತಿರ, ಹಿಮ್ಮಡಿ ಹತ್ತಿರ ಸುಕ್ಕು ಉಳಿಯದ ಹಾಗೆ ಬಟ್ಟೆ ಸವರಿ ಎಳೆಯಿರಿ ಅಂತ ತೋರಿಸಿಕೊಡುತ್ತಿದ್ದರು. ಸುಕ್ಕು ಇದ್ದರೆ ಬೊಬ್ಬೆ ಬರುತ್ತದೆ, ಬೊಬ್ಬೆ ಬಂದರೆ ಅಭ್ಯಾಸ ತಪ್ಪುತ್ತದೆ. 1964ರಿಂದ 1975ರ ನಡುವೆ ಅವರ ತಂಡ ಹತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು.

ಮೊದಲ ಹೆಜ್ಜೆ: ಅಂಗಡಿಯಲ್ಲಿ ಕೈ ಒಳಗೆ ಹಾಕಿ ನೋಡಿ

ಸಾಕ್ಸ್ ಕೊಳ್ಳುವಾಗ ಎಲ್ಲರೂ ಬಣ್ಣ ನೋಡುತ್ತಾರೆ, ಎಳೆದು ನೋಡುತ್ತಾರೆ. ಒಳಗೆ ಕೈ ಹಾಕುವವರು ಕಡಿಮೆ. ನೀವು ಹಾಕಿ. ನಾಲ್ಕು ಬೆರಳು ತುದಿಯವರೆಗೆ ತೂರಿಸಿ, ಹೆಬ್ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ನಿಧಾನವಾಗಿ ಸವರಿ. ಒಳ್ಳೆಯ ಸಾಕ್ಸ್‌ನಲ್ಲಿ ಹೊಲಿಗೆ ಕೈಗೆ ಸಿಕ್ಕೂ ಸಿಗದ ಹಾಗಿರುತ್ತದೆ. ಎರಡು ತುದಿಯಲ್ಲಿ ಗಂಟು ಕಟ್ಟಿದ ಹಾಗೆ ದಪ್ಪ ಸಿಕ್ಕಿದರೆ, ಅದು ಸರಿಯಾಗಿ ನಿಮ್ಮ ಕಿರುಬೆರಳು ಮತ್ತು ಹೆಬ್ಬೆರಳ ಮೇಲೆ ಕೂರುತ್ತದೆ. ಅಂಥದ್ದು ಬೇಡ. ನೂರು ರೂಪಾಯಿಗೆ ಮೂರು ಜೊತೆ ಅಂತ ಹೇಳಿದರೂ ಬೇಡ.

ಆಮೇಲೆ ಹಿಮ್ಮಡಿ ನೋಡಿ. ಹಿಮ್ಮಡಿ ಕೂರಲು ಒಂದು ಗುಂಡನೆಯ ಚೀಲದಂಥ ಜಾಗ ಹೆಣೆದಿರಬೇಕು. ಸಾಕ್ಸ್ ಮೇಜಿನ ಮೇಲೆ ಮಲಗಿಸಿದರೆ ತಾನಾಗಿಯೇ ಪಾದದ ಆಕಾರಕ್ಕೆ ಬಾಗಬೇಕು. ಬರೀ ನೇರ ಕೊಳವೆಯ ಹಾಗಿದ್ದರೆ ನಡೆಯುತ್ತಾ ನಡೆಯುತ್ತಾ ತಿರುಗಿಕೊಳ್ಳುತ್ತದೆ.

ಅಳತೆಯ ವಿಷಯ. ‘ಫ್ರೀ ಸೈಜ್’ ಅಂತ ಬರೆದಿರುವುದು ಎಲ್ಲರಿಗೂ ಆಗುತ್ತದೆ ಅಂತಲ್ಲ, ಎಲ್ಲರ ಕಾಲಿನ ಮೇಲೂ ಹಿಗ್ಗುತ್ತದೆ ಅಂತ ಅಷ್ಟೆ. ಚಿಕ್ಕದಾದರೆ ಬೆರಳುಗಳನ್ನು ಒಟ್ಟಿಗೆ ಹಿಂಡುತ್ತದೆ. ದೊಡ್ಡದಾದರೆ ಮಿಕ್ಕ ಬಟ್ಟೆ ಶೂ ಒಳಗೆ ಎಲ್ಲಾದರೂ ಸುಕ್ಕಾಗಲೇಬೇಕು, ಅಲ್ವಾ? ಒಂದು ಹಾಳೆಯ ಮೇಲೆ ನಿಂತು ಹಿಮ್ಮಡಿಯಿಂದ ಉದ್ದನೆಯ ಬೆರಳ ತುದಿವರೆಗೆ ಗುರುತು ಹಾಕಿ, ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಸಂಜೆ ಅಳೆಯುವುದು ಒಳ್ಳೆಯದು. ದಿನವೆಲ್ಲ ನಿಂತು ನಡೆದ ಮೇಲೆ ಪಾದ ಸ್ವಲ್ಪ ಉಬ್ಬಿರುತ್ತದೆ.

ಬಟ್ಟೆ ಯಾವುದು ಅಂತ ಜನ ತುಂಬ ಕೇಳುತ್ತಾರೆ. ದಿನನಿತ್ಯಕ್ಕೆ ಹತ್ತಿ ಜಾಸ್ತಿ ಇರುವುದು ಸರಿ. ಅದರಲ್ಲಿ ಒಂದಷ್ಟು ನೈಲಾನ್ ಬೆರೆತಿರುವುದು ಒಳ್ಳೆಯದೇ, ಹಿಮ್ಮಡಿ ಬೇಗ ಸವೆಯುವುದಿಲ್ಲ. ಹಿಗ್ಗಿ ಕುಗ್ಗಲು ಚೂರು ಸ್ಪ್ಯಾಂಡೆಕ್ಸ್ ಇರುತ್ತದೆ. ಈ ದಾರ ಬಂದಿದ್ದು 1958ರಲ್ಲಿ. ಅದಕ್ಕೂ ಮೊದಲು ಸಾಕ್ಸ್ ಜಾರದ ಹಾಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಪೂರ್ತಿ ಹತ್ತಿಯದಕ್ಕೆ ಒಂದು ತೊಂದರೆ ಇದೆ. ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ದೂರ ನಡೆಯುವವರಿಗೆ, ಓಡುವವರಿಗೆ, ತೇವವನ್ನು ಹೊರಗೆ ಬಿಡುವ ಪಾಲಿಯೆಸ್ಟರ್ ಬೆರೆತ ಆಟದ ಸಾಕ್ಸ್ ಮೇಲು. ಕೊಡಗಿನ ಚಳಿಗೆ, ಹಿಮಾಲಯಕ್ಕೆ ಉಣ್ಣೆ. ಒದ್ದೆಯಾದರೂ ಬೆಚ್ಚಗಿಡುವ ಗುಣ ಅದಕ್ಕಿದೆ. ‘ಬಿದಿರಿನ ಸಾಕ್ಸ್’ ಅಂತ ಮಾರುವುದು ಸಾಮಾನ್ಯವಾಗಿ ಬಿದಿರಿನ ತಿರುಳಿನಿಂದ ತೆಗೆದ ವಿಸ್ಕೋಸ್ ದಾರ. ಮೆತ್ತಗಿರುತ್ತದೆ ಅನ್ನುವುದು ನಿಜ.

ಮೇಲಿನ ಎಲಾಸ್ಟಿಕ್ ಬಗ್ಗೆ ಒಂದು ಮಾತು. ಸಂಜೆ ಸಾಕ್ಸ್ ಬಿಚ್ಚಿದಾಗ ಕಾಲಿನ ಸುತ್ತ ಆಳವಾದ ಗೆರೆ ಬಿದ್ದು ಅರ್ಧ ಗಂಟೆಯಾದರೂ ಹೋಗದಿದ್ದರೆ ಅದು ನಿಮಗೆ ಬಿಗಿ. ಸಕ್ಕರೆ ಕಾಯಿಲೆ ಇರುವವರಿಗೆ ಬಿಗಿ ಎಲಾಸ್ಟಿಕ್ ಬೇಡವೇ ಬೇಡ, ಬಣ್ಣವೂ ಬಿಳಿ ಅಥವಾ ತಿಳಿ ಇರಲಿ. ರಕ್ತವೋ ಕೀವೋ ಸೋರಿದರೆ ತಕ್ಷಣ ಕಾಣಬೇಕು. ಅಪ್ಪನದು ಕಡುಬೂದು ಬಣ್ಣದ್ದಾಗಿತ್ತು. ಬಿಳಿಯದಾಗಿದ್ದರೆ ಇನ್ನೂ ಮೊದಲೇ ಗೊತ್ತಾಗುತ್ತಿತ್ತೇನೋ.

ಎರಡನೇ ಹೆಜ್ಜೆ: ಪಾದ ಒಣಗಿಸಿ

ಸ್ನಾನ ಮಾಡಿ ಬಂದು ಪಾದ ಒರೆಸಿಕೊಳ್ಳುತ್ತೇವೆ, ಬೆರಳ ಸಂದು ಒರೆಸುವುದಿಲ್ಲ. ಅಲ್ಲೇ ನೀರು ನಿಲ್ಲುವುದು. ಟವೆಲ್ಲಿನ ಮೂಲೆಯನ್ನು ಒಂದೊಂದೇ ಸಂದಿಗೆ ತೂರಿಸಿ ಒರೆಸಿ. ನಾಲ್ಕನೇ ಬೆರಳು ಮತ್ತು ಕಿರುಬೆರಳ ನಡುವಿನ ಸಂದು ಬಹಳ ಇಕ್ಕಟ್ಟು, ಕೆಸರುಹುಣ್ಣು ಶುರುವಾಗುವುದೂ ಸಾಮಾನ್ಯವಾಗಿ ಅಲ್ಲೇ. ಉಗುರು ನೇರಕ್ಕೆ ಕತ್ತರಿಸಿರಲಿ. ಚೂಪಾಗಿ ಬಿಟ್ಟರೆ ಸಾಕ್ಸ್ ತೂತಾಗುವುದು ಅಲ್ಲಿಂದಲೇ.

ಕಾಲುಂಗುರ ಹಾಕುವವರು ಉಂಗುರದ ಬಾಯಿ ತೆರೆದಿದೆಯಾ ನೋಡಿ. ತೆರೆದಿದ್ದರೆ ದಾರ ಸಿಕ್ಕಿಕೊಳ್ಳುತ್ತದೆ, ಎಳೆದಾಗ ಬೆರಳೂ ನೋಯುತ್ತದೆ. ಒತ್ತಿ ಕೂಡಿಸಿ. ಕಾಲುಗೆಜ್ಜೆ ಸಾಕ್ಸ್ ಹೊರಗೇ ಇರಲಿ. ಚಪ್ಪಲಿ ಹಾಕಿ ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳಿಗೆ ಹೆಬ್ಬೆರಳು ಬೇರೆ ಇರುವ ಸಾಕ್ಸ್ ಅನುಕೂಲ. ಅದು ಈಚಿನದ್ದು ಅಂದುಕೊಳ್ಳಬೇಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈಜಿಪ್ಟಿನಲ್ಲಿ ಸಿಕ್ಕಿದ ಒಂದು ಜೊತೆ ಕೆಂಪು ಉಣ್ಣೆಯ ಸಾಕ್ಸ್ ಇದೆ. ಸುಮಾರು 1,600 ವರ್ಷ ಹಳೆಯದು. ಅದರಲ್ಲೂ ಬೆರಳ ಕಡೆ ಹೀಗೇ ಎರಡು ಭಾಗ, ಚಪ್ಪಲಿಯ ಪಟ್ಟಿ ಕೂರಲಿ ಅಂತ.

ಮೂರನೇ ಹೆಜ್ಜೆ: ಉಲ್ಟಾ ಮಾಡಿ, ಕೊಡವಿ

ಪ್ರತಿ ಸಲವೂ. ಮರಳ ಕಣ, ಕೂದಲು, ಬಿಡಿ ದಾರ ಏನಾದರೂ ಇದ್ದೇ ಇರುತ್ತದೆ. ಎಳೆಮಕ್ಕಳ ಸಾಕ್ಸ್‌ಗಂತೂ ಇದನ್ನು ತಪ್ಪಿಸಲೇಬಾರದು. ಒಳಗಿನ ಬಿಡಿ ದಾರವೋ ಅಮ್ಮನ ತಲೆಕೂದಲೋ ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದ ಹಾಗೆ ಬಿಗಿಯುವುದುಂಟು. ಮಗು ಕಾರಣವಿಲ್ಲದೆ ಒಂದೇ ಸಮ ಅಳುತ್ತಿದ್ದರೆ ಸಾಕ್ಸ್ ಬಿಚ್ಚಿ ಬೆರಳು ನೋಡಿ. ಬೆರಳು ಕೆಂಪಾಗಿ ಊದಿದ್ದು ದಾರ ಬಿಡಿಸಲು ಬರದಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ನಾಲ್ಕನೇ ಹೆಜ್ಜೆ: ಹಾಕಿಕೊಳ್ಳುವುದು

ಈಗ ಕೂತುಕೊಳ್ಳಿ. ಜಗಲಿ, ಕುರ್ಚಿ, ಮಂಚದ ಅಂಚು, ಯಾವುದಾದರೂ ಸರಿ. ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ.

ಎರಡೂ ಹೆಬ್ಬೆರಳನ್ನು ಸಾಕ್ಸ್ ಒಳಗೆ ಇಳಿಸಿ, ಬಳೆಯ ಹಾಗೆ ಮಡಿಚುತ್ತಾ ತುದಿಯವರೆಗೆ ಬನ್ನಿ. ಕೈಯಲ್ಲಿ ಈಗ ಒಂದು ಪುಟ್ಟ ಬಟ್ಟಲಿನಂತೆ ಬೆರಳ ಭಾಗ ಮಾತ್ರ ಉಳಿದಿರುತ್ತದೆ. ಮೇಲುಗಡೆ ಹಿಡಿದುಕೊಂಡು ಇಡೀ ಕಾಲು ತೂರಿಸಿ ಎಳೆಯುವುದೇ ಎಲ್ಲರೂ ಮಾಡುವ ತಪ್ಪು. ಹಾಗೆ ಎಳೆದರೆ ಹಿಮ್ಮಡಿ ಭಾಗ ಕಾಲ್ಗಂಟಿನ ಮೇಲೆ ಹೋಗಿ ಕೂರುತ್ತದೆ, ಬೆರಳ ಕಡೆ ಬಟ್ಟೆ ಬಿಗಿಯುತ್ತದೆ.

ಬಟ್ಟಲಿಗೆ ಐದೂ ಬೆರಳು ಇಳಿಸಿ. ಹೊಲಿಗೆ ಬೆರಳುಗಳ ಮೇಲ್ಭಾಗದಲ್ಲಿ, ಉಗುರುಗಳ ಸಾಲಿಗೆ ನೇರವಾಗಿ ಬರಬೇಕು. ಓರೆಯಾಗಿದ್ದರೆ ಈಗಲೇ ತಿರುಗಿಸಿ, ಆಮೇಲೆ ಆಗುವುದಿಲ್ಲ. ನಂತರ ಮಡಿಕೆ ಒಂದೊಂದಾಗಿ ಬಿಡುತ್ತಾ ಅಂಗಾಲಿನ ಮೇಲೆ ತನ್ನಿ. ಹಿಮ್ಮಡಿಯ ಗುಂಡನೆಯ ಜಾಗ ನಿಮ್ಮ ಹಿಮ್ಮಡಿಗೆ ಸರಿಯಾಗಿ ಕೂತ ಮೇಲೇ ಮೇಲಕ್ಕೆ ಎಳೆಯಿರಿ. ಎಳೆಯುವುದು ಎನ್ನುವುದಕ್ಕಿಂತ ಬಿಡಿಸುವುದು ಅನ್ನಬೇಕು.

ಕೊನೆಗೆ ಬೆರಳ ತುದಿಯಲ್ಲಿ ಬಟ್ಟೆಯನ್ನು ಹಿಡಿದು ಅರ್ಧ ಇಂಚು ಮುಂದಕ್ಕೆ ಎಳೆದು ಬಿಡಿ. ಬೆರಳುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಅಂಗೈಯಿಂದ ಪಾದದ ಕೆಳಗೆ, ಪಕ್ಕದಲ್ಲಿ, ಹಿಮ್ಮಡಿಯ ಹಿಂದೆ ಸವರಿ. ಕೈಗೆ ಒಂದು ಗೆರೆ ಸಿಕ್ಕಿದರೂ ಅದು ಕಾಲಿಗೆ ಕೋಲಿನಷ್ಟು ದಪ್ಪ. ಸರಿ ಮಾಡಿ. ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು, ಆಮೇಲೆ ಶೂ. ಶೂ ಒಳಗೂ ಒಮ್ಮೆ ಕೈ ಹಾಕಿ ನೋಡಿ.

ಬಗ್ಗಲು ಆಗದ ಹಿರಿಯರಿಗೆ ಪಾದವನ್ನು ಗಿಡ್ಡ ಸ್ಟೂಲಿನ ಮೇಲೆ ಇಡಿಸಿ ನೀವೇ ಹಾಕಿಕೊಡಿ. ಆ ನೆಪದಲ್ಲಿ ಪಾದ ಪರೀಕ್ಷೆಯೂ ಆಗುತ್ತದೆ. ನರ ಉಬ್ಬಿದವರಿಗೆ ವೈದ್ಯರು ಹೇಳುವ ಬಿಗಿ ಸಾಕ್ಸ್ ಬೇರೆ. ಅದನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಕಾಲು ಊದಿಕೊಳ್ಳುವ ಮುನ್ನ ಹಾಕಿಕೊಳ್ಳಬೇಕು.

ಮಳೆ, ಇಂಬಳ ಮತ್ತು ಕಾದ ಬಂಡೆ

ನಮ್ಮ ಕಡೆಯ ಮಳೆಗಾಲಕ್ಕೆ ಬೇರೆಯದೇ ಲೆಕ್ಕ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ನೀರಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದ ಮರಗಟ್ಟಿ, ಊದಿ, ಕೊಳೆಯತೊಡಗಿತ್ತು. ಗುಂಡು ತಾಗದೆಯೇ ಕಾಲು ಕಳೆದುಕೊಂಡವರಿದ್ದರು. ಆಗ ಬ್ರಿಟಿಷ್ ಸೇನೆ ಹಿಡಿದ ದಾರಿ ದಿನವೂ ಒಣ ಸಾಕ್ಸ್ ಬದಲಿಸುವುದು, ಸೈನಿಕರು ಒಬ್ಬರ ಪಾದ ಒಬ್ಬರು ನೋಡಿಕೊಳ್ಳುವುದು. ಮಲೆನಾಡಿನ ಶಾಲೆಯ ಮಗು ಎಂಟು ಗಂಟೆ ಒದ್ದೆ ಸಾಕ್ಸ್‌ನಲ್ಲಿ ಕೂರುವುದು ನನಗೆ ನೋಡಲು ಆಗುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಕೊಡುವ ಶೂ ಜೊತೆಗೆ ಎರಡು ಜೊತೆ ಸಾಕ್ಸ್ ಬರುತ್ತದೆ. ಎರಡನೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಡಿ. ತರಗತಿಗೆ ಹೋಗಿ ಬದಲಿಸಿಕೊಳ್ಳಲಿ.

ಆಗುಂಬೆ, ಕುದುರೆಮುಖದ ಕಡೆ ಚಾರಣಕ್ಕೆ ಹೋಗುವವರಿಗೆ ಇಂಬಳದ ಸಾಕ್ಸ್ ಸಿಗುತ್ತದೆ. ಮಾಮೂಲಿ ಸಾಕ್ಸ್‌ನ ಹೆಣಿಗೆಯ ನಡುವೆ ಇಂಬಳ ತೂರಿಕೊಳ್ಳುತ್ತದೆ. ಇದು ಒತ್ತಾಗಿ ನೇಯ್ದ ಬಟ್ಟೆಯಿಂದ ಹೊಲಿದ, ಮಂಡಿವರೆಗಿನ ಚೀಲ. ಮಾಮೂಲಿ ಸಾಕ್ಸ್ ಮೇಲೆ ಇದನ್ನು ಹಾಕಿ, ಪ್ಯಾಂಟಿನ ತುದಿಯನ್ನು ಇದರೊಳಗೆ ತುರುಕಿ, ಮಂಡಿ ಕೆಳಗೆ ದಾರ ಕಟ್ಟಿ, ಆಮೇಲೆ ಶೂ ಹಾಕಿ.

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತುವಾಗ ಚಪ್ಪಲಿ ಕೆಳಗೇ ಬಿಡಬೇಕು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಏಪ್ರಿಲ್ ಮಧ್ಯಾಹ್ನ ಆ ಕಲ್ಲು ಕಾವಲಿ. ಬೆಟ್ಟದ ಬುಡದಲ್ಲಿ ಸಾಕ್ಸ್ ಮಾರುತ್ತಾರೆ. ಆದರೆ ಮನೆಯಿಂದಲೇ ದಪ್ಪ ಹತ್ತಿ ಸಾಕ್ಸ್ ತೆಗೆದುಕೊಂಡು ಹೋಗಿ. ತೆಳು ನೈಲಾನ್ ಶಾಖ ತಡೆಯುವುದಿಲ್ಲ, ಸವೆದು ನುಣುಪಾದ ಮೆಟ್ಟಿಲ ಮೇಲೆ ಜಾರುತ್ತದೆ ಕೂಡ. ಇಳಿಯುವಾಗ ಕಂಬಿ ಬಿಡಬೇಡಿ.

ಕಳಚುವುದು, ಒಗೆಯುವುದು

ಬೆವರಿಗೆ ಅದರದೇ ವಾಸನೆ ಅಷ್ಟಾಗಿ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಹುಟ್ಟುವ ಐಸೊವ್ಯಾಲರಿಕ್ ಆಮ್ಲದ ವಾಸನೆ ಅದು. ಅವು ಇರುವುದು ಸಾಕ್ಸ್‌ನ ಒಳಮೈಯಲ್ಲಿ. ಆದ್ದರಿಂದ ಉಲ್ಟಾ ಮಾಡಿಯೇ ಒಗೆಯಿರಿ. ಉಂಡೆ ಮಾಡಿ ಶೂ ಒಳಗೆ ತುರುಕಿಡುವ ಅಭ್ಯಾಸ ಬಿಡಿ. ಹಿಂಡುವಾಗ ಎಲಾಸ್ಟಿಕ್ ತಿರುಚಬೇಡಿ, ಒಣಹಾಕುವಾಗ ಬೆರಳ ಕಡೆಯಿಂದ ಕ್ಲಿಪ್ ಹಾಕಿ. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕುವವರು ಸ್ವಲ್ಪ ಎತ್ತರಕ್ಕೆ ಹಾಕಿ. ಬೆಂಕಿ ಹತ್ತಿರವಾದರೆ ನೈಲಾನ್ ಗಟ್ಟಿಯಾಗುತ್ತದೆ.

ಅಪ್ಪ ಈಗ ಬೆಳಿಗ್ಗೆ ಆರೂವರೆಗೆ ಜಗಲಿಯ ಮೇಲೆ ಕೂರುತ್ತಾರೆ. ಪಕ್ಕದಲ್ಲಿ ಕನ್ನಡಿ, ಅಂಗಾಲು ನೋಡಿಕೊಳ್ಳಲು. ಬಿಳಿ ಸಾಕ್ಸ್ ಉಲ್ಟಾ ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಹಿಮ್ಮಡಿಯ ಭಾಗವನ್ನು ಬೆಳಕಿಗೆ ಹಿಡಿಯುತ್ತಾರೆ. ಬಟ್ಟೆ ಸವೆದು ಆಚೆ ಕಡೆಯ ದಾಸವಾಳದ ಕೆಂಪು ಕಂಡರೆ ಆ ಜೊತೆ ಅಲ್ಲಿಗೆ ಮುಗಿಯಿತು. ಅಮ್ಮನನ್ನು ಕರೆದು ಕೊಡುತ್ತಾರೆ, ಅಮ್ಮ ಫ್ಯಾನ್ ಒರೆಸುವ ಬಟ್ಟೆಗಳ ಜೊತೆ ಎತ್ತಿಡುತ್ತಾರೆ.