ಬಟನ್ ಒತ್ತುವ ಮುಂಚೆ ಕ್ಯಾಲೊರಿ ಕಾಣಬೇಕು: ಅಮೆರಿಕದಲ್ಲಿ ವೆಂಡಿಂಗ್ ಮೆಷಿನ್ ಇಟ್ಟವರಿಗೆ

ನಾನು ಶುರು ಮಾಡಿದ್ದು ಎರಡೇ ಮೆಷಿನ್‌ನಿಂದ. ಟೈರ್ ಅಂಗಡಿಯಲ್ಲಿ ಒಂದು, ಪಕ್ಕದ ಗೋಡೌನಿನಲ್ಲಿ ಇನ್ನೊಂದು. ಮೆಲ್ಲಗೆ 9 ಆಯಿತು. ಆಮೇಲೆ ವಯಸ್ಸಾದ ಒಬ್ಬರು ಸಾಕಪ್ಪಾ ಅಂತ ತಮ್ಮ ರೂಟ್, ಅಂದರೆ ಬೇರೆ ಬೇರೆ ಕಡೆ ಇಟ್ಟಿದ್ದ ಮೆಷಿನ್‌ಗಳನ್ನೆಲ್ಲ, ಪೂರ್ತಿ ಮಾರಿದರು, ನಾನು ತೆಗೆದುಕೊಂಡೆ, ಒಂದೇ ವಾರದಲ್ಲಿ 9 ಇದ್ದದ್ದು 23 ಆಗಿ ಕೂತಿತು. ಆ ಖುಷಿಯಲ್ಲಿ ಒಂದು ವಿಷಯ ನನ್ನ ತಲೆಗೇ ಬರಲಿಲ್ಲ. ತಿಂಡಿ, ಪಾನೀಯ ಮಾರುವ ಮೆಷಿನ್ 20 ಮುಟ್ಟಿದ ಕೂಡಲೇ ಎಫ್‌ಡಿಎಯ (ಅಮೆರಿಕ ಸರ್ಕಾರದ ಆಹಾರ ಮತ್ತು ಔಷಧ ಸಂಸ್ಥೆ) ಕ್ಯಾಲೊರಿ ನಿಯಮ, ಅಂದರೆ ಕೊಳ್ಳುವ ಮುಂಚೆಯೇ ಗಿರಾಕಿಗೆ ಕ್ಯಾಲೊರಿ ಕಾಣಬೇಕು ಅನ್ನುವುದು, ನಮ್ಮ ಮೇಲೂ ಬರುತ್ತದೆ. ಇಪ್ಪತ್ತೂ ಒಂದೇ ಕಡೆ ಇರಬೇಕು ಅಂತೇನೂ ಇಲ್ಲ. ಊರು ತುಂಬಾ ಹರಡಿದ್ದರೂ ಲೆಕ್ಕ ಒಂದೇ.

(ಎಚ್-1ಬಿ ವೀಸಾದಲ್ಲಿದ್ದು ಸೈಡ್ ಬಿಸಿನೆಸ್ ಅಂತ ಯೋಚಿಸುತ್ತಿದ್ದರೆ, ಕ್ಯಾಲೊರಿ ಬಿಡಿ, ಮೊದಲು ಇಮಿಗ್ರೇಷನ್ ಲಾಯರ್ ಹತ್ತಿರ ಮಾತಾಡಿ.)

ಈ ನಿಯಮ ಹುಟ್ಟಿದ್ದು 2010ರ ಅಫರ್ಡಬಲ್ ಕೇರ್ ಆ್ಯಕ್ಟ್‌ನಲ್ಲಿ. ಜನ ಒಬಾಮಾಕೇರ್ ಅನ್ನುವುದು ಅದನ್ನೇ. ಆರೋಗ್ಯ ವಿಮೆಯ ಅಷ್ಟು ದೊಡ್ಡ ಕಾನೂನಿನ ಒಳಗೆ 4205ನೇ ಸೆಕ್ಷನ್ ಅಂತ ಒಂದಿದೆ, ದೊಡ್ಡ ಚೈನ್ ಹೋಟೆಲ್‌ಗಳ ಮೆನು ಮತ್ತು ನಮ್ಮ ಮೆಷಿನ್ ಎರಡೂ ಅದರಲ್ಲೇ ಬರುತ್ತವೆ. ಎಫ್‌ಡಿಎ 2014ರ ಡಿಸೆಂಬರ್ 1ರಂದು ಅಂತಿಮ ನಿಯಮ ಪ್ರಕಟಿಸಿತು. 2016ರ ಡಿಸೆಂಬರ್ 1ರಿಂದ ಪಾಲಿಸಬೇಕು ಅಂತ ಹೇಳಿತು. ಗಾಜಿನ ಮೆಷಿನ್‌ನಲ್ಲಿ ಕಾಣುವ ಪ್ಯಾಕೆಟ್‌ನ ಮೇಲಿನ ಕ್ಯಾಲೊರಿ ಅಕ್ಷರದ ಅಳತೆಯ ವಿಷಯ ಮಾತ್ರ ಎಳೆದಾಡಿ, ಕೊನೆಗೆ 2021ರ ಜುಲೈ 1ಕ್ಕೆ ನಿಂತಿತು. ಅಂದರೆ ಈಗ ಯಾವ ಗಡುವೂ ಬಾಕಿ ಇಲ್ಲ.

ಜವಾಬ್ದಾರಿ ಯಾರದ್ದು ಅನ್ನುವುದನ್ನು ಮೊದಲು ಬಗೆಹರಿಸಿಕೊಳ್ಳಿ, ಇದರಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮೆಷಿನ್‌ನಲ್ಲಿ ಏನು ಮಾರಬೇಕು, ಯಾವುದನ್ನು ಎಲ್ಲಿ ಇಡಬೇಕು ಅಂತ ತೀರ್ಮಾನ ಮಾಡಿ, ಅದಕ್ಕೆ ದುಡ್ಡು ಪಡೆಯುವವರೇ ಆಪರೇಟರ್. ಜಾಗ ಕೊಟ್ಟು ಕಮಿಷನ್ ತೆಗೆದುಕೊಳ್ಳುವ ಆಫೀಸಿನವರು ಸುಮ್ನೆ ಜಾಗ ಕೊಟ್ಟವರು, ಅಷ್ಟೇ. ಬೇರೆಯವರು ಹೇಳಿದ್ದನ್ನು ಹೇಳಿದ ಜಾಗದಲ್ಲಿ ತುಂಬಿ ಬರುವ ಕೂಲಿ ಕೆಲಸ ನಿಮ್ಮದಾದರೆ ಆಪರೇಟರ್ ನೀವಲ್ಲ.

ಇನ್ನು ಕೆಲಸಕ್ಕೆ ಬನ್ನಿ. ಸ್ಟಿಕ್ಕರ್ ಪ್ರಿಂಟ್ ಮಾಡಲು ಓಡಬೇಡಿ. ಒಂದು ಮೆಷಿನ್ ಮುಂದೆ ಗಿರಾಕಿ ನಿಲ್ಲುವಷ್ಟೇ ದೂರದಲ್ಲಿ ನಿಂತು, ಒಂದೊಂದೇ ಸೆಲೆಕ್ಷನ್ (ಒಂದು ನಂಬರ್ ಅಥವಾ ಬಟನ್‌ಗೆ ಸಿಗುವ ಐಟಂ) ನೋಡುತ್ತಾ ಹೋಗಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಕೊಳ್ಳುವ ಮುಂಚೆ ಇದರಲ್ಲಿ ಒಟ್ಟು ಎಷ್ಟು ಕ್ಯಾಲೊರಿ ಇದೆ ಅಂತ ಇಲ್ಲಿಂದಲೇ ಗೊತ್ತಾಗುತ್ತದಾ? ಗೊತ್ತಾಗುತ್ತದೆ ಅಂತಾದರೆ ಆ ಐಟಂಗೆ ನೀವು ಬೇರೆ ಚೀಟಿ ಹಾಕಬೇಕಾಗಿಲ್ಲ. ಕಾನೂನೇ ಕೊಟ್ಟಿರುವ ವಿನಾಯಿತಿ ಇದು.

ಗೊತ್ತಾಗುವ ದಾರಿ ಎರಡು. ಮೊದಲನೆಯದು, ಪ್ಯಾಕೆಟ್ ಹಿಂದಿನ ನ್ಯೂಟ್ರಿಷನ್ ಫ್ಯಾಕ್ಟ್ಸ್ ಪಟ್ಟಿ ಪೂರ್ತಿಯಾಗಿ, ಏನೂ ಅಡ್ಡ ಬರದೆ, ಓದಲು ಆಗುವಂತೆ ಕಾಣುವುದು. ಸುರುಳಿ ತಂತಿ ತಿರುಗಿ ಪ್ಯಾಕೆಟ್ ಬೀಳಿಸುವ ಕಾಯಿಲ್ ಮೆಷಿನ್‌ನಲ್ಲಿ ಇದು ಆಗದ ಮಾತು, ಯಾಕೆಂದರೆ ಪಟ್ಟಿ ಇರುವುದು ಬೆನ್ನಿಗೆ. ಟಚ್‌ಸ್ಕ್ರೀನ್ ಇರುವ ಹೊಸ ಮೆಷಿನ್‌ನಲ್ಲಿ ಪಟ್ಟಿಯನ್ನು ಸ್ಕ್ರೀನ್ ಮೇಲೆ ತೋರಿಸಬಹುದು. ಎರಡನೆಯದು, ಪ್ಯಾಕೆಟ್‌ನ ಮುಂಭಾಗದಲ್ಲೇ ಕಂಪನಿಯವರು ಒಟ್ಟು ಕ್ಯಾಲೊರಿ ಅಚ್ಚು ಹಾಕಿರುವುದು. ನಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇದೇ.

ಆದರೆ ಮುಂದೆ ನಂಬರ್ ಇದ್ದ ಮಾತ್ರಕ್ಕೆ ಸಾಲದು, ಅದಕ್ಕೂ ಒಂದು ಅಳತೆ ಇದೆ. ಮೊದಲು ಎಫ್‌ಡಿಎ ಹೇಳಿದ್ದು, ಲೇಬಲ್ ಮೇಲಿನ ಅತಿ ದೊಡ್ಡ ಅಕ್ಷರದ ಅರ್ಧದಷ್ಟಾದರೂ ಇರಬೇಕು ಅಂತ. ಬ್ರ್ಯಾಂಡ್ ಹೆಸರು ಅಷ್ಟುದ್ದ ಬರೆದಿರುತ್ತಾರಲ್ಲ, ಅದರ ಅರ್ಧ ಅಂದರೆ ಪ್ಯಾಕೆಟ್ ತುಂಬಾ ಕ್ಯಾಲೊರಿಯೇ ಆಗುತ್ತಿತ್ತು. 2019ರಲ್ಲಿ ಬದಲಾಯಿಸಿದರು. ಈಗಿನ ಲೆಕ್ಕ ಹೀಗೆ: ನಿವ್ವಳ ತೂಕದ ಅಕ್ಷರಕ್ಕೆ ಕಾನೂನು ಹೇಳುವ ಕನಿಷ್ಠ ಅಳತೆಯ ಒಂದೂವರೆ ಪಟ್ಟು. ಒಂದು ಚಿಪ್ಸ್ ಪ್ಯಾಕೆಟ್ ತಗೊಂಡು ಸ್ಕೇಲ್ ಇಡಿ. ಎತ್ತರ 6 ಇಂಚು, ಅಗಲ 4.5 ಇಂಚು ಅಂದರೆ ಮುಖ 27 ಚದರ ಇಂಚು. 25ರಿಂದ 100 ಚದರ ಇಂಚಿನವರೆಗೆ ತೂಕದ ಅಕ್ಷರ ಕನಿಷ್ಠ 3/16 ಇಂಚು, ಅದರ ಒಂದೂವರೆ ಪಟ್ಟು 9/32 ಇಂಚು, ಸುಮಾರು 7 ಮಿಲಿಮೀಟರ್. ಸಣ್ಣ ಚಾಕ್ಲೇಟ್ ಬಾರ್ ಆದರೆ, ಮುಖ 5ರಿಂದ 25 ಚದರ ಇಂಚಿನೊಳಗೆ ಇದ್ದರೆ, 3/16 ಇಂಚು ಸಾಕು. ಸುಮಾರು 5 ಮಿಲಿಮೀಟರ್. ದಿನಾ ಅಳೆಯಬೇಕಾಗಿಲ್ಲ, ಹೊಸ ಐಟಂ ತಂದಾಗ ಒಂದು ಸಲ ನೋಡಿದರೆ ಆಯಿತು.

ನಾನು ಅಳೆಯುವುದಕ್ಕಿಂತ ಹೆಚ್ಚು ಹೊತ್ತು ನೋಡುವುದು ಕಾಯಿಲ್ ಕಡೆಗೆ. ಆ ನಂಬರ್ ಪ್ಯಾಕೆಟ್‌ನ ಕೆಳ ಮೂಲೆಯಲ್ಲಿದ್ದರೆ ಸುರುಳಿ ತಂತಿ ಸರಿಯಾಗಿ ಅದರ ಮೇಲೇ ಅಡ್ಡ ಹೋಗಿರುತ್ತದೆ, ಇಲ್ಲವೇ ಬೆಲೆ ಪಟ್ಟಿ ಮುಚ್ಚಿಕೊಂಡಿರುತ್ತದೆ. ಮುಂದಿನ ಪ್ಯಾಕೆಟ್ ಬಿದ್ದ ಮೇಲೆ ಹಿಂದಿನದ್ದು ವಾಲಿಕೊಂಡು ಮುಖ ತಿರುಗಿಸಿರುತ್ತದೆ. ಕಾಣದ ನಂಬರ್ ಇದ್ದರೂ ಇಲ್ಲದಂತೆಯೇ, ಅಲ್ವಾ? ಅಂಥ ಸೆಲೆಕ್ಷನ್‌ಗೆ ನಾನು ಯೋಚನೆ ಮಾಡದೆ ಚೀಟಿ ಹಾಕಿಬಿಡುತ್ತೇನೆ.

ಚೀಟಿ ಬೇಕೇ ಬೇಕು ಅನ್ನುವುದು ಎಲ್ಲಿ? ಒಳಗಿನದ್ದು ಕಾಣದ, ಬರೀ ಬಟನ್ ಇರುವ ಸೋಡಾ ಮೆಷಿನ್‌ನಲ್ಲಿ, ಬಟನ್ ಪಕ್ಕದಲ್ಲಿ ಕ್ಯಾಲೊರಿ ಇಲ್ಲದಿದ್ದರೆ. ಕಪ್ಪಿಗೆ ಸುರಿಯುವ ಕಾಫಿ ಮೆಷಿನ್‌ನಲ್ಲಿ, ಅಲ್ಲಿ ಪ್ಯಾಕೆಟ್ಟೇ ಇಲ್ಲ. ಮುಂದೆ ನಂಬರ್ ಇಲ್ಲದ ಅಥವಾ ತೀರಾ ಸಣ್ಣಗೆ ಇರುವ ಪ್ಯಾಕೆಟ್‌ಗಳಿಗೆ.

ಬರೆಯುವುದು ಹೇಗೆ ಅಂದರೆ, ಇಡೀ ಪ್ಯಾಕೆಟ್‌ನ ಒಟ್ಟು ಕ್ಯಾಲೊರಿ ಬರೆಯಬೇಕು. ಎಲ್ಲರೂ ಎಡವುವುದು ಇಲ್ಲೇ. ಬಾದಾಮಿ ಪ್ಯಾಕೆಟ್ ಹಿಂದೆ ಒಂದು ಸರ್ವಿಂಗ್‌ಗೆ 170 ಅಂತ ಇದ್ದು, ಪ್ಯಾಕೆಟ್‌ನಲ್ಲಿ 2 ಸರ್ವಿಂಗ್ ಇದ್ದರೆ ಚೀಟಿಯಲ್ಲಿ 340 ಇರಬೇಕು. ಯಾರೂ ಅರ್ಧ ತಿಂದು ಅರ್ಧ ಮೆಷಿನ್‌ಗೆ ವಾಪಸ್ ಹಾಕುವುದಿಲ್ಲ. 50ರವರೆಗಿನ ಸಂಖ್ಯೆಯನ್ನು ಹತ್ತಿರದ 5ಕ್ಕೆ, 50 ದಾಟಿದ್ದನ್ನು ಹತ್ತಿರದ 10ಕ್ಕೆ ಸರಿಮಾಡಿ: 47 ಇದ್ದದ್ದು 45, 163 ಇದ್ದದ್ದು 160. ಐದಕ್ಕಿಂತ ಕಡಿಮೆ ಇದ್ದರೆ ಸೊನ್ನೆ ಅನ್ನಬಹುದು. ಕ್ಯಾಲೊರೀಸ್ ಅಂತ ಪೂರ್ತಿ ಬರೆಯಿರಿ ಅಥವಾ ಕ್ಯಾಲ್ ಅಂತ ಚುಟುಕಾಗಿ, ಸಹಜವಾಗಿ ಇಂಗ್ಲಿಷ್‌ನಲ್ಲೇ.

ನಮ್ಮವರು ಜಾಸ್ತಿ ಇರುವ ಆಫೀಸಿನಲ್ಲಿ ಕೋಡುಬಳೆ, ಚಕ್ಕುಲಿ ಇಡೋಣ ಅಂತ ಆಸೆಯಾಗುತ್ತದೆ. ನನಗೂ ಆಗಿತ್ತು. ಭಾರತದ ಪ್ಯಾಕೆಟ್‌ನಲ್ಲಿ ಲೆಕ್ಕ 100 ಗ್ರಾಂಗೆ ಇರುತ್ತದೆ, ಕಿಲೊಕ್ಯಾಲೊರಿ ಅಂತ. ಹೆದರಬೇಡಿ, ಇಲ್ಲಿ ಕ್ಯಾಲೊರಿ ಅನ್ನುವುದೂ ಅದನ್ನೇ. ಉದಾಹರಣೆಗೆ 100 ಗ್ರಾಂಗೆ 540 ಇದ್ದು ಪ್ಯಾಕೆಟ್ 40 ಗ್ರಾಂ ಆದರೆ 216, ಚೀಟಿಯಲ್ಲಿ 220. ಆದರೆ ಇಲ್ಲಿನ ನಮೂನೆಯ ಲೇಬಲ್ ಇರುವ, ರಫ್ತಿಗೆ ಅಂತಲೇ ಮಾಡಿದ ಪ್ಯಾಕೆಟ್ ಮಾತ್ರ ತನ್ನಿ. ಸೂಟ್‌ಕೇಸಿನಲ್ಲಿ ತಂದದ್ದು ಮನೆಯವರಿಗೆ.

ಚೀಟಿ ಎಲ್ಲಿ ಅಂಟಿಸಬೇಕು? ಮೆಷಿನ್ ಮೇಲೋ ಪಕ್ಕದಲ್ಲೋ, ಎಲ್ಲಾದರೂ ಸರಿ. ಮೆಷಿನ್‌ಗೆ ಅಂಟಿರಲೇಬೇಕು ಅಂತಿಲ್ಲ, ಪಕ್ಕದ ಗೋಡೆಯ ಮೇಲೆ ಒಂದು ಹಾಳೆಯೂ ಆಗುತ್ತದೆ. ಆದರೆ ತಿಂಡಿ ಅಥವಾ ಅದರ ಹೆಸರು, ಬೆಲೆ, ಸೆಲೆಕ್ಷನ್ ನಂಬರ್ ನೋಡುವಾಗಲೇ ಇದೂ ಕಣ್ಣಿಗೆ ಬೀಳಬೇಕು. ಮೆಷಿನ್ ಮೇಲಿರುವ ಹೆಸರು, ಬೆಲೆ, ನಂಬರ್ ಈ ಮೂರರಲ್ಲಿ ಯಾವುದು ಚಿಕ್ಕದೋ ಅದಕ್ಕಿಂತ ಕ್ಯಾಲೊರಿಯ ಅಕ್ಷರ ಚಿಕ್ಕದಾಗಬಾರದು, ಬಣ್ಣವೂ ಅಷ್ಟೇ ಎದ್ದು ಕಾಣಬೇಕು. ಬಿಳಿ ಮೇಲೆ ತಿಳಿ ಬೂದು ಬಣ್ಣದಲ್ಲಿ ಬರೆಯುವ ಜಾಣತನ ನಡೆಯುವುದಿಲ್ಲ.

ಇದರ ಜೊತೆಗೆ ನಿಮ್ಮ ಹೆಸರು, ಫೋನ್ ನಂಬರ್, ವಿಳಾಸ ಅಥವಾ ಇಮೇಲ್ ಕೂಡ ಮೆಷಿನ್ ಮೇಲೆ ಅಥವಾ ಅದೇ ಹಾಳೆಯಲ್ಲಿ ಇರಬೇಕು.

20ಕ್ಕಿಂತ ಕಡಿಮೆ ಇರುವವರಿಗೆ ಇದ್ಯಾವುದೂ ಕಡ್ಡಾಯ ಅಲ್ಲ. ಆದರೂ ಬೇಕಾದರೆ ಎಫ್‌ಡಿಎಯಲ್ಲಿ ತಾವಾಗಿಯೇ ನೋಂದಾಯಿಸಿಕೊಳ್ಳಬಹುದು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಯಾಕೆ ಮೈಮೇಲೆ ಎಳೆದುಕೊಳ್ಳಬೇಕು ಅಂದರೆ, ಕೇಂದ್ರದ ನಿಯಮದ ಕೆಳಗೆ ಬಂದವರ ಮೇಲೆ ರಾಜ್ಯವೋ ನಗರವೋ ತನ್ನದೇ ಬೇರೆ ಥರದ ಕ್ಯಾಲೊರಿ ನಿಯಮ ಹೇರುವ ಹಾಗಿಲ್ಲ. ನಾಲ್ಕು ಊರಲ್ಲಿ ನಾಲ್ಕು ಥರ ಚೀಟಿ ಹಾಕುವ ಗೋಳು ತಪ್ಪುತ್ತದೆ. ಒಂದೇ ಊರಲ್ಲಿ ಐದು ಮೆಷಿನ್ ಇಟ್ಟವರಿಗೆ ಇದು ಬೇಕಾಗಿಲ್ಲ ಅಂತ ನನ್ನ ಅನಿಸಿಕೆ.

ಈಗ ನನ್ನ ಎಡವಟ್ಟು ಕೇಳಿ. 23 ಮೆಷಿನ್‌ಗೂ ಒಂದು ಶನಿವಾರ ಭಾನುವಾರ ಕೂತು, ಹೆಂಡತಿಯ ಕೈಲೂ ಕತ್ತರಿ ಹಿಡಿಸಿ, ನೀಟಾಗಿ ಚೀಟಿ ಹಾಕಿದ್ದೆ. ಒಂದು ತಿಂಗಳಾದ ಮೇಲೆ ಒಂದು ಜಾಗದಲ್ಲಿ ಪಾಪ್‌ಕಾರ್ನ್ ಸ್ಟಾಕ್ ಮುಗಿದಿತ್ತು, ಅದರ ಬಿ4 ನಂಬರಿನ ಜಾಗ ಖಾಲಿ ಬಿಡುವುದು ಯಾಕೆ ಅಂತ ಕ್ರೀಮ್ ಬಿಸ್ಕತ್ ತುಂಬಿ ಬಂದೆ. ಮಾರನೇ ದಿನ ಫೋನ್. ಆ ಆಫೀಸಿನ ಒಬ್ಬ ಹೆಂಗಸು, ತಿನ್ನುವುದನ್ನೆಲ್ಲ ಲೆಕ್ಕ ಇಡುವವರು. "ಚೀಟಿ 130 ಅನ್ನುತ್ತದೆ, ಪ್ಯಾಕೆಟ್ 340 ಅನ್ನುತ್ತದೆ, ನಾನು ಯಾವುದನ್ನು ನಂಬಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ನಂಬರ್ ಅಂಟಿಸಿದ್ದೂ ನಾನೇ!

ಆಮೇಲೆ ಪದ್ಧತಿ ಬದಲಾಯಿಸಿದೆ. ಚೀಟಿ ಈಗ ಬಿ4 ಅನ್ನುವ ಜಾಗಕ್ಕೆ ಸೇರಿದ್ದಲ್ಲ, ಐಟಂಗೆ ಸೇರಿದ್ದು. ನಾನು ಮಾರುವ ಪ್ರತಿ ಐಟಂಗೂ ಬೆಲೆ ಮತ್ತು ಕ್ಯಾಲೊರಿ ಒಂದೇ ತುಂಡಿನಲ್ಲಿ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿದ್ದೇನೆ, ವ್ಯಾನಿನಲ್ಲಿ ಒಂದು ಡಬ್ಬಿ ತುಂಬಾ ಇದೆ. ಐಟಂ ಬದಲಾದರೆ ತುಂಡೂ ಬದಲಾಗಲೇಬೇಕು, ಯಾಕೆಂದರೆ ಬೆಲೆ ಬದಲಾಯಿಸದೆ ಯಾವ ವ್ಯಾಪಾರಿಯೂ ಬಾಗಿಲು ಹಾಕುವುದಿಲ್ಲ. ಕಂಪನಿಯವರು ಸದ್ದಿಲ್ಲದೆ ಪ್ಯಾಕೆಟ್ ಚಿಕ್ಕದು ಮಾಡುವುದೂ ಇದೆ, ಆಗ ಕ್ಯಾಲೊರಿಯೂ ಬೇರೆಯಾಗುತ್ತದೆ, ಹಾಗಾಗಿ ಹೊಸ ಬಾಕ್ಸ್ ಒಡೆದಾಗ ಒಂದು ಪ್ಯಾಕೆಟ್ ತಿರುಗಿಸಿ ನೋಡುತ್ತೇನೆ. ತುಂಬಿದ ಮೇಲೆ ಬಾಗಿಲು ಹಾಕಿ, ಗಿರಾಕಿ ನಿಲ್ಲುವ ಜಾಗದಿಂದ ಫೋನಿನಲ್ಲಿ ಒಂದು ಫೋಟೊ ತೆಗೆದು, ಆ ಜಾಗದ ಹೆಸರಿನ ಫೋಲ್ಡರ್‌ಗೆ ಹಾಕುತ್ತೇನೆ. ಫೋಟೊದಲ್ಲಿ ಯಾವುದಾದರೂ ನಂಬರ್ ಓದಲು ಆಗದಿದ್ದರೆ ಬಾಗಿಲು ಮತ್ತೆ ತೆಗೆಯುತ್ತೇನೆ.