ರೋಡಲ್ಲಿ ಓಡಿಸೋ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರಿಗೆ ಟಾರ್ಕ್ ಕನ್ವರ್ಟರ್: ಸ್ಟಾಲ್ ನಂಬರ್ ನೋಡಿ ಮರುಳಾಗ್ಬೇಡಿ
ಟಾರ್ಕ್ ಕನ್ವರ್ಟರ್ ಅಂದ್ರೆ ಆಟೋಮ್ಯಾಟಿಕ್ ಕಾರಲ್ಲಿ ಎಂಜಿನ್ನಿನ ಟಾರ್ಕನ್ನ, ಅಂದ್ರೆ ತಿರುಗಿಸೋ ಬಲವನ್ನ, ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ. ಅದನ್ನ ತಗೊಳೋಕೆ ಹೋದವರೆಲ್ಲ ಮೊದಲು ಕೇಳೋದೇ ಸ್ಟಾಲ್ ಎಷ್ಟು ಅಂತ. ನಾನೂ ಅದನ್ನೇ ಕೇಳಿದ್ದೆ, 3500 ಅಂದ್ರು, ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಅಂತ ಹಾಕಿಸ್ಕೊಂಡೆ, ಆಮೇಲೆ ಪ್ರತೀ ಸಿಗ್ನಲ್ಲಲ್ಲೂ ಎಂಜಿನ್ ಮಾತ್ರ ಕಿರುಚ್ತಿತ್ತು, ಕಾರು ಬೇಕೋ ಬೇಡ್ವೋ ಅನ್ನೋ ಹಾಗೆ ಹೊರಡ್ತಿತ್ತು.

ಸ್ಟಾಲ್ ಅಂದ್ರೆ ಇಷ್ಟೇ: ಕನ್ವರ್ಟರ್ ಒಳಗೆ ಗೇರ್‌ಬಾಕ್ಸ್ ಕಡೆ ಇರೋ ರೆಕ್ಕೆ ಚಕ್ರ, ಅಂದ್ರೆ ಟರ್ಬೈನ್, ತಿರುಗದ ಹಾಗೆ ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಎಷ್ಟು ಆರ್‌ಪಿಎಂ ತನಕ ಏರತ್ತೆ ಅನ್ನೋದು. ಆ ಹೊತ್ತಲ್ಲಿ ನಡುವೆ ಇರೋ ಸ್ಟೇಟರ್ ಅನ್ನೋ ಇನ್ನೊಂದು ರೆಕ್ಕೆ ಚಕ್ರ ವಾಪಸ್ ಬರೋ ಆಯಿಲ್‌ನ ದಿಕ್ಕು ತಿರುಗಿಸಿ ಎಂಜಿನ್ ಕಡೆ ಆಯಿಲ್ ತಳ್ಳೋ ಪಂಪಿಗೆ ಸಹಾಯ ಮಾಡೋದ್ರಿಂದ ಎಂಜಿನ್ ಟಾರ್ಕ್ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸಿಗೆ ಹೋಗತ್ತೆ, ಕಾರು ವೇಗ ಹಿಡಿದ ಹಾಗೆ ಈ ಲಾಭ ಇಳಿತಾ ಹೋಗತ್ತೆ. ಕಂಪನಿಯಿಂದ ಬಂದ ಕನ್ವರ್ಟರ್ ಸಾಮಾನ್ಯವಾಗಿ 1600ರಿಂದ 2200 ಒಳಗೇ ಇರತ್ತೆ. ಆದ್ರೆ ಈ ನಂಬರ್ ಬರೀ ಕನ್ವರ್ಟರ್‌ದಲ್ಲ. ಅದೇ ಪೀಸನ್ನ ಜಾಸ್ತಿ ಟಾರ್ಕ್ ಇರೋ ಎಂಜಿನ್ನಿಗೆ ಹಾಕಿದ್ರೆ ಸ್ಟಾಲ್ ಮೇಲೇರತ್ತೆ, ಕಮ್ಮಿ ಇರೋದಕ್ಕೆ ಹಾಕಿದ್ರೆ ಕೆಳಗಿಳಿಯತ್ತೆ, ಅಂದ್ರೆ ಬಾಕ್ಸ್ ಮೇಲೆ ಬರೆದಿರೋದು ಬೇರೆ ಯಾರದೋ ಎಂಜಿನ್ನಿನ ಲೆಕ್ಕ.

ಅದಕ್ಕೆ ಮೊದಲು ನಿಮ್ಮ ಕಾರಿನ ಜಾತಕ ಬರ್ಕೊಳ್ಳಿ. ಕಾರಿನ ತೂಕ, ಟೈರ್ ಎತ್ತರ, ಆಕ್ಸಲ್ ರೇಶಿಯೋ (ಚಕ್ರ ಒಂದು ಸುತ್ತು ಸುತ್ತೋಕೆ ಗೇರ್‌ಬಾಕ್ಸಿಂದ ಬರೋ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋದು), ಎಂಜಿನ್ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಬರತ್ತೆ, ಕ್ಯಾಮ್ (ಎಂಜಿನ್ ವಾಲ್ವ್ ತೆರೆಯೋ ಶಾಫ್ಟ್) ಬದಲಾಯಿಸಿದ್ರೆ ಅದರ ಜೊತೆ ಬರೋ ಕಾರ್ಡಲ್ಲಿರೋ ಪವರ್ ರೇಂಜ್. ಕ್ಯಾಮ್ 2200ರಿಂದ ಕೆಲಸ ಶುರು ಮಾಡತ್ತೆ ಅಂತಿದ್ರೆ ಸ್ಟಾಲ್ ಅದಕ್ಕಿಂತ ಒಂದು 300-500 ಮೇಲಿದ್ರೆ ಸಾಕು. ಕ್ಯಾಮ್ ಮುಟ್ಟೇ ಇಲ್ಲ ಅಂದ್ರೆ 3000 ದಾಟಿದ್ದನ್ನ ತಗೊಂಡು ಏನ್ ಮಾಡ್ತೀರಾ?

ಈಗ ಹೈವೇ ಲೆಕ್ಕ. ಟೈರ್ ಎತ್ತರ 66 ಸೆಂಟಿಮೀಟರ್ ಅಂದ್ಕೊಳ್ಳಿ, 100 ಕಿಲೋಮೀಟರ್ ಸ್ಪೀಡಲ್ಲಿ ಚಕ್ರ ನಿಮಿಷಕ್ಕೆ ಸುಮಾರು 805 ಸುತ್ತು ಸುತ್ತತ್ತೆ, ಆಕ್ಸಲ್ 3.73, ಓವರ್‌ಡ್ರೈವ್ (ಹೈವೇಗಿರೋ ಮೇಲಿನ ಗೇರ್) 0.70 ಇದ್ರೆ ಮೂರನ್ನೂ ಗುಣಿಸಿ, ಎಂಜಿನ್ ಹತ್ತತ್ರ 2100 ಆರ್‌ಪಿಎಂ. ಇಲ್ಲಿ 3000 ಸ್ಟಾಲ್ ಕನ್ವರ್ಟರ್ ಹಾಕಿ ಲಾಕ್‌ಅಪ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಹಿಡಿದು ಜಾರೋದನ್ನ ನಿಲ್ಲಿಸೋ ಕ್ಲಚ್) ಇಲ್ಲ ಅಂದ್ರೆ ದಾರಿಯುದ್ದಕ್ಕೂ ಜಾರ್ತಾನೇ ಇರತ್ತೆ, ಪೆಟ್ರೋಲೂ ಹೋಯ್ತು, ಆಯಿಲೂ ಕಾಯ್ತು. (3000 ಸ್ಟಾಲ್ ಅಂದ್ರೆ 3000 ಆಗೋ ತನಕ ಕಾರು ಅಲ್ಲಾಡಲ್ಲ ಅಂತ ಅಲ್ಲ ಮತ್ತೆ, ಮೆಲ್ಲಗೆ ಒತ್ತಿದ್ರೆ ಕಮ್ಮಿ ಆರ್‌ಪಿಎಂನಲ್ಲೇ ಹೋಗತ್ತೆ, ಸ್ವಲ್ಪ ಸಡಿಲ ಅನ್ನಿಸತ್ತೆ ಅಷ್ಟೇ.) ರೋಡ್ ಕಾರಿಗೆ ಲಾಕ್‌ಅಪ್ ಇರೋದನ್ನೇ ತಗೊಳ್ಳಿ, ಇದರಲ್ಲಿ ನಾನು ರಾಜಿ ಆಗಲ್ಲ. ಎಲೆಕ್ಟ್ರಾನಿಕ್ ಗೇರ್‌ಬಾಕ್ಸ್ ಆದ್ರೆ ಲಾಕ್‌ಅಪ್ ಯಾವಾಗ ಹಿಡೀಬೇಕು ಅನ್ನೋದನ್ನ ಟ್ಯೂನಲ್ಲಿ, ಅಂದ್ರೆ ಕಾರಿನ ಕಂಪ್ಯೂಟರ್ ಸೆಟ್ಟಿಂಗಲ್ಲಿ, ಸರಿ ಮಾಡಿಸ್ಬೇಕು.

ಜಾರಿದಷ್ಟೂ ಬಿಸಿ. ಆಯಿಲ್ 80-95 ಡಿಗ್ರಿಲಿದ್ರೆ ಚಿಂತೆ ಇಲ್ಲ, 120 ದಾಟ್ತಾ ಇದ್ರೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರೋಕೆ ಶುರು. ಸ್ಟಾಲ್ ಏರಿಸ್ತೀರಾ, ಜೊತೆಗೇ ಆಯಿಲ್ ಕೂಲರ್ರೂ ಹಾಕಿಸಿ, ಒಂದು ಟೆಂಪರೇಚರ್ ಗೇಜ್ ಕೂಡ.

ಎರಡರ ಮಧ್ಯೆ ತೂಗಾಡ್ತಿದ್ರೆ ಕಮ್ಮಿ ನಂಬರಿಂದು ತಗೊಳ್ಳಿ. ಹಾಕಿಸಿದ ಮೇಲೆ ನಿಜವಾದ ಸ್ಟಾಲ್ ಎಷ್ಟು ಅಂತ ನೋಡೋಕೆ ಬ್ರೇಕ್ ಹಿಡಿದು ರೇಸ್ ಮಾಡೋದು ಬೇಡ, ಬಹಳ ಕಾರುಗಳಲ್ಲಿ ಬ್ರೇಕ್ ಸೋತು ಚಕ್ರ ಮೊದಲು ತಿರುಗತ್ತೆ, ಆಯಿಲ್ ಕುದಿಯೋದು ಬೇರೆ. ಖಾಲಿ ಇರೋ ಸುರಕ್ಷಿತ ಜಾಗದಲ್ಲಿ ಮೊದಲ ಗೇರಲ್ಲಿ ನಿಂತಲ್ಲಿಂದ ಒಮ್ಮೆಲೇ ಪೂರ್ತಿ ಒತ್ತಿ, ಮುಳ್ಳು ಎಲ್ಲಿಗೆ ಹಾರಿ ಒಂದು ಕ್ಷಣ ನಿಲ್ಲತ್ತೆ ನೋಡಿ, ಹೆಚ್ಚುಕಮ್ಮಿ ಅದೇ ನಿಮ್ಮ ನಂಬರ್.

ಕೂರಿಸೋವಾಗ ನೀವೂ ಮೆಕ್ಯಾನಿಕ್ ಪಕ್ಕದಲ್ಲಿ ನಿಂತಿರಿ. ಕನ್ವರ್ಟರ್ ಒಳಗೆ ಸ್ವಲ್ಪ ಆಯಿಲ್ ಹೊಯ್ದು, ತಿರುಗಿಸ್ತಾ ಒಳಗೆ ತಳ್ಳಿದ್ರೆ ಕಟ್ ಕಟ್ ಅಂತ ಒಂದೊಂದೇ ಹಂತ ಕೂರತ್ತೆ, ಕೊನೇದು ಗೇರ್‌ಬಾಕ್ಸಿನ ಆಯಿಲ್ ಪಂಪಿಗೆ ಸಿಕ್ಕಿಕೊಳ್ಳೋದು. ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಗಂಟೆ ಆಕಾರದ ಕವಚ) ಎಂಜಿನ್ನಿಗೆ ಪೂರ್ತಿ ಕೂತ ಮೇಲೆ ಫ್ಲೆಕ್ಸ್‌ಪ್ಲೇಟಿಗೂ (ಕನ್ವರ್ಟರ್ ಬೋಲ್ಟ್ ಆಗೋ ಎಂಜಿನ್ ಕಡೆಯ ತಟ್ಟೆ) ಕನ್ವರ್ಟರಿಗೂ ನಡುವೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ಸಂದೇ ಇಲ್ಲ, ಬೋಲ್ಟ್ ಹಾಕಿ ಎಳೆದ್ರೆ ಕೂರತ್ತೆ ಅಂತ ಹೊರಟ್ರೆ ಅಲ್ಲೇ ತಡೀರಿ, ಹಾಗೆ ಎಳೆದ್ರೆ ಪಂಪ್ ಒಡೆಯತ್ತೆ, ಗೇರ್‌ಬಾಕ್ಸ್ ಬಿಚ್ಚಿ ಇನ್ನೊಂದ್ಸಲ ಕೂರಿಸ್ಲಿ.