ಮೆಣಸಿನಕಾಯಿ ಲೆಕ್ಕದಲ್ಲಿ ಪಾಸಾದ ಪಿಜಿ: ನನ್ನ ಅನುಭವ

ಹೋದ ವರ್ಷ ರಿಸಲ್ಟ್ ಬಂದ ದಿನ ನಮ್ಮ ಮಾವನವರಿಗೆ ಮೊದಲು ಫೋನ್ ಮಾಡಿದೆ. ಯಾಕೆಂದರೆ "ಈ ವಯಸ್ಸಿನ್ಯಾಗ ಸಾಲಿ ಯಾಕ ಬೇಕ್ರಿ, ನಾಕು ಪಾಲಿಸಿ ಜಾಸ್ತಿ ಮಾಡ್ರಿ" ಎಂದು ಎಲ್ಲರ ಎದುರಿಗೆ ಹೇಳಿದವರು ಅವರೇ. ಹಾವೇರಿಯಲ್ಲಿ ಹದಿನಾಲ್ಕು ವರ್ಷದಿಂದ ವಿಮೆ, ಮ್ಯೂಚುವಲ್ ಫಂಡ್ ಮಾಡಿಸುತ್ತಿದ್ದೇನೆ. ನಲವತ್ತೊಂದಕ್ಕೆ ಆನ್‌ಲೈನ್‌ನಲ್ಲಿ ಫೈನಾನ್ಶಿಯಲ್ ಪ್ಲಾನಿಂಗ್ ಪಿಜಿಗೆ ಸೇರಿದೆ. 64 ಪರ್ಸೆಂಟ್ ಬಂತು. ದೊಡ್ಡದೇನಲ್ಲ, ಆದರೆ ನನ್ನ ಜೊತೆ ಸೇರಿದ ನಮ್ಮ ಲೈನಿನ ಆರು ಮಂದಿಯಲ್ಲಿ ಮುಗಿಸಿದವನು ನಾನೊಬ್ಬನೇ.

ಮೊದಲು ರೊಕ್ಕ ಕಳೆದುಕೊಂಡ ಕಥೆ. ಒಂದು ಸಂಸ್ಥೆಯವರು ಫೋನಿನಲ್ಲಿ ಚೆನ್ನಾಗಿ ಮಾತಾಡಿದರು, 35 ಸಾವಿರ ಕಟ್ಟಿಬಿಟ್ಟೆ. ಆಮೇಲೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಮಾನ್ಯತೆ ಕೊಟ್ಟ ಸಂಸ್ಥೆಗಳ ಪಟ್ಟಿ ನೋಡಿದರೆ ಅದರ ಹೆಸರೇ ಇಲ್ಲ. ಜನರಿಗೆ ಪಾಲಿಸಿ ಕಾಗದ ಓದಿ ಸಹಿ ಮಾಡಿ ಎಂದು ಹೇಳುವವನು ನಾನು! ಎರಡನೇ ಸಲ ಪಟ್ಟಿ ನೋಡಿಯೇ ಸೇರಿದೆ. ಎರಡು ವರ್ಷಕ್ಕೆ ಫೀಸು 90 ಸಾವಿರದ ಹತ್ತಿರ. ಹಳೆಯ ಲ್ಯಾಪ್‌ಟಾಪ್ 22, ಇನ್ವರ್ಟರ್ 18, ಮರುಪರೀಕ್ಷೆಗೆ ಮೂರೋ ನಾಲ್ಕೋ ಸಾವಿರ. ಓದಿನ ಗುಂಗಿನಲ್ಲಿ ಕೈತಪ್ಪಿದ ಕಮಿಷನ್ ಲೆಕ್ಕ ನಮ್ಮ ಮನೆಯವರ ಹತ್ತಿರ ಇದೆ, ನಾನು ಕೇಳಲು ಹೋಗಿಲ್ಲ.

ಮೊದಲ ಸೆಮಿಸ್ಟರ್ ವಿಡಿಯೋ ನೋಡುತ್ತಾ ಹೋಯಿತು. ರಾತ್ರಿ ಹತ್ತಕ್ಕೆ ಕೂತು, ಡಬಲ್ ಸ್ಪೀಡಿನಲ್ಲಿ ಓಡಿಸಿ, ಎಲ್ಲ ತಿಳಿಯಿತು ಎಂದುಕೊಂಡು ಮಲಗುತ್ತಿದ್ದೆ. ಎರಡು ಪೇಪರ್ ಹೋದವು. ಒಂದು ಹೋಗಿದ್ದು ಇಂಥ ಲೆಕ್ಕಗಳಲ್ಲಿ: ಮಗಳ ಓದಿಗೆ 15 ವರ್ಷಕ್ಕೆ 20 ಲಕ್ಷ ಬೇಕು, ವರ್ಷಕ್ಕೆ ಶೇ. 12 ಬರುತ್ತದೆ, ತಿಂಗಳಿಗೆ ಎಷ್ಟು ಕಟ್ಟಬೇಕು? ನಾವು ಆ್ಯಪಿನಲ್ಲಿ ಒತ್ತಿ ಹೇಳಿಬಿಡುತ್ತೇವೆ, ಅಲ್ವಾ? ಪರೀಕ್ಷೆಯಲ್ಲಿ ನಾಲ್ಕು ಉತ್ತರ ಕೊಟ್ಟಿರುತ್ತಾರೆ: 4,003, 3,964, 4,242, 4,202. ನಾಲ್ಕೂ ಲೆಕ್ಕ ಮಾಡಿದರೆ ಬರುವವೇ. ತಿಂಗಳ ಕೊನೆಗೆ ಕಟ್ಟುವುದೋ ಮೊದಲಿಗೋ, ಶೇ. 12ನ್ನು ಸುಮ್ನೆ ಹನ್ನೆರಡು ತಿಂಗಳಿಂದ ಭಾಗಿಸುವುದೋ ಚಕ್ರಬಡ್ಡಿ ಬಿಡಿಸುವುದೋ, ಅಷ್ಟರಲ್ಲೇ ಆಟ. ನಾನು ಪ್ರಶ್ನೆಯನ್ನು ಅರ್ಧ ಓದಿ 4,003 ಒತ್ತುತ್ತಿದ್ದೆ.

ಇನ್ನೊಂದು ಪೇಪರ್ ಹೋಗಿದ್ದು ಅವ್ವನಿಂದ. ಮನೆಯಲ್ಲೇ ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ. ಬಾಗಿಲು ಹಾಕಲು ಮರೆತಿದ್ದೆ. "ಚಾ ಆರತೈತಿ, ಕುಡಿ ತಮ್ಮಾ" ಎಂದು ಕಪ್ಪು ಹಿಡಿದು ಒಳಗೇ ಬಂದಳು. ತೆರೆಯ ಮೇಲೆ ಕೆಂಪು ಎಚ್ಚರಿಕೆ. ಗಾಬರಿಯಲ್ಲಿ ನಾನು ಎದ್ದು ನಿಂತೆ, ಅದು ಇನ್ನೂ ದೊಡ್ಡ ತಪ್ಪು. ಇನ್ವರ್ಟರ್ ಕಥೆ ಮುಂದಿನ ಸಲದ್ದು, ಅದನ್ನು ನೀವೇ ಊಹಿಸಿಕೊಳ್ಳಿ.

ವಿಡಿಯೋ ಬಿಟ್ಟೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಪಾಠ ಓದುವುದು, ನಂತರ ಆ ಪಾಠವನ್ನು ನನ್ನದೇ ಗಿರಾಕಿಗಳ ಮೂರು ಫೈಲಿಗೆ ಹಚ್ಚಿ ಪೆನ್ನಿನಲ್ಲಿ ಲೆಕ್ಕ ಮಾಡುವುದು. ಒಬ್ಬರು ಮೇಷ್ಟ್ರು, ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬರು ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ಕೊನೆಗೆ ಅದನ್ನೇ ಕನ್ನಡದಲ್ಲಿ, ಗಿರಾಕಿ ಎದುರಿಗೆ ಕೂತ ಹಾಗೆ, ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡುವುದು. ಎಲ್ಲಿ ನಾಲಿಗೆ ತಡವರಿಸಿತೋ ಅಲ್ಲಿ ನನಗೆ ತಿಳಿದಿಲ್ಲ ಎಂದರ್ಥ. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುವಾಗ ಸ್ಕೂಟರ್ ಮೇಲೆ ಅದನ್ನೇ ಕೇಳುತ್ತಿದ್ದೆ.

ಮೆಣಸಿನಕಾಯಿ ಫೈಲೇ ನನ್ನನ್ನು ದಾಟಿಸಿದ್ದು. ಪುಸ್ತಕದ ಸಂಸಾರಕ್ಕೆ ಪ್ರತಿ ತಿಂಗಳು ಒಂದನೇ ತಾರೀಖಿಗೆ ಸಂಬಳ ಬರುತ್ತದೆ. ಬ್ಯಾಡಗಿಯಲ್ಲಿ ಜನವರಿಯಿಂದ ಮೇ ತನಕ ರೊಕ್ಕ, ಆಮೇಲೆ ಖರ್ಚು. ಅಸೈನ್‌ಮೆಂಟಿನಲ್ಲಿ ಜೂನ್‌ನಿಂದ ಡಿಸೆಂಬರ್ ತನಕ ಆದಾಯದ ಮನೆ ಖಾಲಿ ಬಿಟ್ಟೆ. ತಿದ್ದಿದವರು "ಆದಾಯ ಬರೆಯಲು ಮರೆತಿದ್ದೀರಿ" ಎಂದು ಅಂಕ ಕಡಿದರು. ಉದ್ದ ಮೇಲ್ ಬರೆದೆ. ಇದಕ್ಕೆ ಎಸ್‌ಐಪಿ, ಅಂದರೆ ಪ್ರತಿ ತಿಂಗಳು ಇಷ್ಟೆಂದು ಫಂಡಿಗೆ ಕಟ್ಟುವುದು, ಕೂರುವುದಿಲ್ಲ, ಸೀಸನ್ನಿನ ದುಡ್ಡನ್ನು ಬೇಕೆಂದಾಗ ತೆಗೆಯಬಹುದಾದ ಲಿಕ್ವಿಡ್ ಫಂಡಿಗೆ ಹಾಕಿ ಅಲ್ಲಿಂದ ತಿಂಗಳಿಗಿಷ್ಟು ಬೇರೆ ಫಂಡಿಗೆ ವರ್ಗ (ಎಸ್‌ಟಿಪಿ) ಮಾಡಬೇಕು ಎಂದು. ತುರ್ತು ನಿಧಿಗೆ ಪುಸ್ತಕ ಮೂರರಿಂದ ಆರು ತಿಂಗಳ ಖರ್ಚು ಎನ್ನುತ್ತದೆ, ನಾನು ಹದಿನಾಲ್ಕು ತಿಂಗಳು ಬರೆದೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು ಮಾರ್ಕೆಟ್ಟಿನಲ್ಲಿ ಗಾಡಿಗಳು ಸುಟ್ಟವಲ್ಲ, ಅದನ್ನೂ ಬರೆದೆ. ಅಂಕ ವಾಪಸ್ ಬಂತು. ಪ್ರಾಜೆಕ್ಟ್ ಕೂಡ ಅದರ ಮೇಲೆಯೇ ಮಾಡಿದೆ.

ನಡುವೆ ಒಂದು ಹುಚ್ಚು ಹಿಡಿದಿತ್ತು. ಓಣಿಯ ಭಿಶಿಗೆ, ಅಂದರೆ ಚೀಟಿಗೆ, ಬಡ್ಡಿ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುವುದು. ಇಪ್ಪತ್ತು ಮಂದಿ, ತಿಂಗಳಿಗೆ ಐದು ಸಾವಿರ, ಸವಾಲಿನ (ಹರಾಜಿನ) ಭಿಶಿ. ಪಕ್ಕದ ಮನೆ ಅಕ್ಕ ನಾಲ್ಕನೇ ತಿಂಗಳಿಗೆ ಒಂದು ಲಕ್ಷದ್ದನ್ನು 80 ಸಾವಿರಕ್ಕೆ ಎತ್ತಿದ್ದಳು. ಪ್ರತಿ ತಿಂಗಳು ತಿರುಗಿ ಬಂದ ಪಾಲು ಕಳೆದು ಎಕ್ಸೆಲ್‌ನ ಎಕ್ಸ್‌ಐಆರ್‌ಆರ್ ಸೂತ್ರ ಹಾಕಿದರೆ ವರ್ಷಕ್ಕೆ ಸುಮಾರು ನೂರಕ್ಕೆ 18 ಬಿತ್ತು. ಹೇಳಿದೆ. "ಬ್ಯಾಂಕಿನವ ನನಗ ಕೊಡತಾನೇನು?" ಎಂದಳು. ಪಠ್ಯದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಕೊನೆಯ ಹತ್ತು ದಿನಕ್ಕೆ ನಾನು ಮಾಡಿಕೊಂಡ ಒಂದು ಎಕ್ಸೆಲ್ ಶೀಟ್ ಇದೆ. ತಪ್ಪಾದ ಲೆಕ್ಕಗಳನ್ನು ಅದು ತಾನೇ ತಿರುಗಿಸಿ ಮುಂದೆ ತರುತ್ತದೆ. ಅದನ್ನು ಮಾತ್ರ ಕೇಳಬೇಡಿ, ಎಷ್ಟೋ ರಾತ್ರಿ ನಿದ್ದೆಗೆಟ್ಟು ಕಟ್ಟಿದ್ದು.

ಇಷ್ಟೆಲ್ಲ ಆಗುವಾಗ 2024ರ ಡಿಸೆಂಬರ್‌ನಲ್ಲಿ ಷೇರು, ಫಂಡ್ ವ್ಯವಹಾರಕ್ಕೆ ನಿಯಮ ಮಾಡುವ ಸೆಬಿ ತನ್ನ ನಿಯಮ ಬದಲಿಸಿತು. ಹೂಡಿಕೆ ಸಲಹೆಗಾರನಾಗಲು ಇನ್ನು ಪಿಜಿ ಬೇಡ, ಡಿಗ್ರಿ ಸಾಕು. ನಮ್ಮ ಲೈನಿನವರು ಮೂರು ದಿನ ನಕ್ಕರು. ನಕ್ಕರೆ ನಗಲಿ. ಕಳೆದ ವರ್ಷ ಹೊಸದಾಗಿ ಬಂದ ಮೂವತ್ತು ನಲವತ್ತು ಮನೆಗಳು ಸರ್ಟಿಫಿಕೇಟ್ ನೋಡಿ ಬಂದಿಲ್ಲ, ಹದಿನಾಲ್ಕು ತಿಂಗಳ ಲೆಕ್ಕ ಕೇಳಿ ಬಂದಿದ್ದಾವೆ. ಬಹುತೇಕ ಬ್ಯಾಡಗಿಯವೇ. ನಿಜವಾದ ತೊಡಕು ಬೇರೆ: ಸಲಹೆಗಾರ ಎಂದು ನೋಂದಾಯಿಸಿದರೆ ಫಂಡ್ ಕಮಿಷನ್ ಪೂರ್ತಿ ಬಿಡಬೇಕು, ಗಿರಾಕಿಯಿಂದಲೇ ಫೀಸು ತೆಗೆದುಕೊಳ್ಳಬೇಕು. ಹಾವೇರಿಯಲ್ಲಿ ಮಾತಿಗೆ ದುಡ್ಡು ಯಾರು ಕೊಡುತ್ತಾರೆ? ಇಬ್ಬರನ್ನು ಕೇಳಿ ನೋಡಿದೆ. ಒಬ್ಬರು ಚಾ ಕುಡಿಸಿ ಕಳಿಸಿದರು. ದಲಾಲರು ಮಾತ್ರ "ವರ್ಷಕ್ಕ ಐದು ಸಾವಿರ ಕೊಡತೀನಿ, ಸೀಸನ್ ಮುಗಿದ ಮ್ಯಾಲೆ" ಎಂದರು.

ಅದಕ್ಕೇ ಈಗ ಎನ್‌ಐಎಸ್‌ಎಂ ಎಕ್ಸ್-ಎ, ಅಂದರೆ ಹೂಡಿಕೆ ಸಲಹೆಗಾರರ ಪರೀಕ್ಷೆ, ಕಟ್ಟಿದ್ದೇನೆ. ನೂರಕ್ಕೆ 60 ಬರಬೇಕು, ತಪ್ಪಿಗೆ ಅಂಕ ಕಳೆಯುತ್ತಾರೆ. ಹುಬ್ಬಳ್ಳಿಗೆ ಹೋಗಿ ಸೆಂಟರಿನಲ್ಲೇ ಬರೆಯುತ್ತೇನೆ. ಅವ್ವನಿಗೂ ಹೇಳಿದ್ದೇನೆ, ಚಾ ಅಲ್ಲಿಯೇ ಕುಡಿಯುತ್ತೇನೆ ಎಂದು.